ಬ್ರೋಕರ್‌ಗೆ ಪಾಠ ಹೇಳೋರು ಯಾರು?

2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತು. 60 ಲಕ್ಷದ ಫ್ಲ್ಯಾಟ್ ಕೊಳ್ಳುವವರಿಗೆ ಒಂದೇ ಏಟಿಗೆ 60 ಸಾವಿರ ಹೆಚ್ಚುವರಿ ಹೊರೆ. ಶೇ. 5ರ ಸ್ಟ್ಯಾಂಪ್ ಡ್ಯೂಟಿ, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು ಎಲ್ಲ ಸೇರಿಸಿ ನಗರದಲ್ಲಿ ಶೇ. 6.6 ಇದ್ದ ಖರ್ಚು ಶೇ. 7.6 ಆಯ್ತು. ಈ ಲೆಕ್ಕ ನನಗೆ ಮೊದಲು ಸಿಕ್ಕಿದ್ದು ಬೆಂಗಳೂರಿನ ಬ್ರೋಕರ್‌ಗಳ ಒಂದು ವಾಟ್ಸಾಪ್ ಗ್ರೂಪಿನಲ್ಲಿ, ಒಂದೂವರೆ ನಿಮಿಷದ ವಾಯ್ಸ್ ನೋಟ್ ರೂಪದಲ್ಲಿ. ಯಾರೋ ಹಿರಿಯ ಬ್ರೋಕರ್ ಒಬ್ಬರು ಆದೇಶದ ಪಿಡಿಎಫ್ ಹಾಕಿ, ಅದರ ಕೆಳಗೆ ತಮ್ಮದೇ ಭಾಷೆಯಲ್ಲಿ ಬಿಡಿಸಿ ಹೇಳಿದ್ದರು: ಯಾವ ತಾರೀಖಿಗೆ ಸ್ಲಾಟ್ ಇದ್ದವರು ಏನು ಮಾಡಬೇಕು, ಪಾರ್ಟಿಗೆ ಇದನ್ನು ಹೇಗೆ ಹೇಳಬೇಕು, ಟೋಕನ್ ಕೊಟ್ಟಾದ ಮೇಲೆ ಜಗಳ ಬಂದರೆ ಈ ಹೆಚ್ಚುವರಿ ದುಡ್ಡು ಯಾರ ತಲೆಗೆ. ಅದು ನಾನು ಕೇಳಿದ ಅತ್ಯಂತ ಸ್ಪಷ್ಟ ಸರ್ಕಾರಿ ಆದೇಶದ ವಿವರಣೆಗಳಲ್ಲಿ ಒಂದು.

ನಾನು ಆ ಗ್ರೂಪಿನಲ್ಲಿರುವುದಕ್ಕೆ ಕಾರಣ ನನ್ನ ಜೊತೆ ಮೆಕ್ಯಾನಿಕಲ್ ಓದಿದ ಗೆಳೆಯ. ನಾನು ಪತ್ರಿಕೋದ್ಯಮಕ್ಕೆ ಬಂದೆ, ಅವನು ಬ್ರೋಕರ್ ಆದ. ನಮ್ಮಿಬ್ಬರಲ್ಲಿ ಎಂಜಿನಿಯರಿಂಗ್ ಡಿಗ್ರಿ ಯಾರಿಗೆ ಕಡಿಮೆ ಉಪಯೋಗಕ್ಕೆ ಬಂತು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ. ಒಂದು ಮಾತು ಮಾತ್ರ ನಿಜ: ಅವನ ಈ ಕಸುಬಿಗೆ ಕಾಲೇಜು ಇಲ್ಲ, ಅಪ್ರೆಂಟಿಸ್‌ಶಿಪ್ ಇಲ್ಲ, ಪಠ್ಯಪುಸ್ತಕ ಇಲ್ಲ. ಕಲಿತದ್ದೆಲ್ಲ ಬೇರೆ ಬ್ರೋಕರ್‌ಗಳಿಂದ. ಮೊದಲು ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ, ಈಗ ಫೋನಿನಲ್ಲಿ.

ಇಷ್ಟು ದೊಡ್ಡ ಊರಿನಲ್ಲಿ ಯಾರಿಗೆ ಎಲ್ಲಿ ಮನೆ ಸಿಗುತ್ತೆ, ಯಾವ ಜಮೀನು ಯಾರ ಕೈಯಿಂದ ಯಾರ ಕೈಗೆ ಹೋಗುತ್ತೆ ಅನ್ನೋದರಲ್ಲಿ ಬ್ರೋಕರ್ ಪಾತ್ರ ಸಣ್ಣದಲ್ಲ. ಹಾಗಿದ್ದ ಮೇಲೆ ಬ್ರೋಕರ್‌ಗಳು ಪರಸ್ಪರ ಏನನ್ನು ಕಲಿಸಿಕೊಳ್ಳುತ್ತಿದ್ದಾರೆ ಅನ್ನೋದು ರಾಜಕೀಯ ಪ್ರಶ್ನೆ. ನಾವು ಅದನ್ನು ಹಾಗೆ ನೋಡಿಯೇ ಇಲ್ಲ. ನಮಗೆ ಬ್ರೋಕರ್ ಅಂದರೆ ಒಂದು ತಿಂಗಳ ಬಾಡಿಗೆ ನುಂಗುವ ಮನುಷ್ಯ, ಅಷ್ಟೇ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದು ಸಣ್ಣ ವಿಷಯವಲ್ಲ. ಜಮೀನಿನ ದಾಖಲೆ ಓದುವ ವಿದ್ಯೆ ನಮ್ಮಲ್ಲಿ ತಲೆಮಾರುಗಳ ಕಾಲ ಕೆಲವೇ ಮನೆತನಗಳ ಸೊತ್ತಾಗಿತ್ತು. ಶಾನುಭೋಗರ ಕಡತದಲ್ಲಿ ಏನು ಬರೆದಿದೆ ಅಂತ ಶಾನುಭೋಗರಿಗೇ ಗೊತ್ತು. ಆಮೇಲೆ ಗ್ರಾಮ ಲೆಕ್ಕಿಗರು ಬಂದರು, ಪತ್ರ ಬರಹಗಾರರು ಬಂದರು, 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿತು. ಪ್ರಿಂಟ್ ಏನೋ ಎಲ್ಲರಿಗೂ ಸಿಕ್ಕಿತು, ಅದನ್ನು ಓದೋದು ಹೇಗೆ ಅಂತ ಯಾರೂ ಹೇಳಲಿಲ್ಲ. ಪಹಣಿಯ 9ನೇ ಕಾಲಮ್ಮಿನಲ್ಲಿ ಹೆಸರು ಇದ್ದ ಮಾತ್ರಕ್ಕೆ ಮುಗಿಯಿತು ಅಂತಲ್ಲ, 11ರಲ್ಲಿ ಸಾಲ, ಋಣ ಏನಿದೆ ನೋಡಬೇಕು, 12ರಲ್ಲಿ ಉಳುಮೆ ಯಾರದ್ದು ನೋಡಬೇಕು. ಇಸಿ ತೆಗೆಸಿದರೆ ಫಾರಂ 15 ಬಂದರೆ ವಹಿವಾಟು ಇದೆ, ಫಾರಂ 16 ಬಂದರೆ ಇಲ್ಲ. ಆದರೆ ಆನ್‌ಲೈನ್ ಇಸಿ 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಆಫೀಸಿಗೆ ಹೋಗಿ ಅರ್ಜಿ ಹಾಕಬೇಕು, ಹಾಕದೆ ‘ಕ್ಲಿಯರ್ ಟೈಟಲ್’ ಅಂತ ಹೇಳಬಾರದು. ಗ್ರಾಮ ಪಂಚಾಯಿತಿ ಸೈಟ್ ಆದರೆ ಇ-ಸ್ವತ್ತಿನ ಫಾರಂ 9, ಫಾರಂ 11 ಎರಡೂ ಬೇಕು. 11-ಬಿ ಇದ್ದರೆ ಹುಷಾರು.

ಇದೆಲ್ಲ ಪಿಯುಸಿ ಫೇಲಾದ, ಹಿಂದಿನ ವರ್ಷದವರೆಗೆ ಆಟೊ ಓಡಿಸುತ್ತಿದ್ದ, ಇಲ್ಲವೇ ಕಂಪನಿಯಿಂದ ಲೇಆಫ್ ಆದ ಹುಡುಗರಿಗೆ ಆರು ತಿಂಗಳಲ್ಲಿ ಬಾಯಿಪಾಠ ಆಗುತ್ತದೆ. ಹೊಸಬ ಒಂದು ಪತ್ರದ ಫೋಟೊ ಹಾಕಿ ‘ಸರ್ ಇದು ತಗೋಬಹುದಾ?’ ಅಂತ ಕೇಳುತ್ತಾನೆ. ಹತ್ತು ನಿಮಿಷದಲ್ಲಿ ಮೂರು ಜನ ಉತ್ತರ ಕೊಟ್ಟಿರುತ್ತಾರೆ. ಒಬ್ಬ ತಪ್ಪು ಹೇಳಿದರೆ ಇನ್ನೊಬ್ಬ ತಿದ್ದುತ್ತಾನೆ. ವಕೀಲರು ಸಾವಿರಗಟ್ಟಲೆ ತೆಗೆದುಕೊಂಡು ಕೊಡುವ ಅಭಿಪ್ರಾಯದ ಮೊದಲ ಪುಟ ಪುಕ್ಕಟೆ ಸಿಗುತ್ತೆ. ದೇವನಹಳ್ಳಿ, ಹೊಸಕೋಟೆ, ಆನೇಕಲ್ ಕಡೆ ಅಪ್ಪ ಮಾರಿದ ಜಮೀನಿನ ಪಕ್ಕದಲ್ಲೇ ಬೇರೆಯವರ ಸೈಟು ತೋರಿಸಿ ಬದುಕುತ್ತಿರುವ ಹುಡುಗರನ್ನು ನೀವೂ ನೋಡಿರುತ್ತೀರಿ. ಅಪ್ಪನಿಗೆ ಈ ವಿದ್ಯೆ ಗೊತ್ತಿದ್ದಿದ್ದರೆ ರೇಟು ಬೇರೆಯೇ ಇರುತ್ತಿತ್ತು ಅನ್ನೋದು ಅವರಿಗೆ ಈಗ ಗೊತ್ತು.

2024ರಲ್ಲಿ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯ ಮಾಡಿದಾಗ ಜನ ಎಷ್ಟು ಪರದಾಡಿದರು ನೆನಪಿಸಿಕೊಳ್ಳಿ. ಪೋರ್ಟಲ್‌ನಲ್ಲಿ ಯಾವ ದಾಖಲೆ ಅಪ್‌ಲೋಡ್ ಆಗುತ್ತೆ, ಯಾವುದು ರಿಜೆಕ್ಟ್ ಆಗುತ್ತೆ ಅಂತ ದಿನದಿನಕ್ಕೂ ಪತ್ತೆ ಹಚ್ಚಿ ಒಬ್ಬರಿಗೊಬ್ಬರು ಹೇಳಿಕೊಂಡವರು ಬ್ರೋಕರ್‌ಗಳು. ಅದೇ ಸಮಯದಲ್ಲಿ ‘ಬಿ-ಖಾತೆ ರಿಜಿಸ್ಟ್ರೇಷನ್ ಪೂರ್ತಿ ಬಂದ್ ಆಗುತ್ತಂತೆ, ಈಗಲೇ ಮುಗಿಸಿಬಿಡಿ’ ಅನ್ನುವ ಗಾಳಿಸುದ್ದಿ ಹಬ್ಬಿಸಿ ಅವಸರದ ಡೀಲ್ ಮಾಡಿಸಿದವರೂ ಇದ್ದರು. ಒಂದೇ ಗ್ರೂಪು, ಒಂದೇ ದಿನ, ಎರಡೂ ಬಗೆಯ ಪಾಠ.

ಇಲ್ಲಿಂದ ನನ್ನ ತಕರಾರು ಶುರು.

ಈ ಪಾಠಶಾಲೆಯಲ್ಲಿ ಕಾನೂನು ಕಲಿಸುವುದು ಕಾನೂನು ಅಂತಲ್ಲ, ಡೀಲಿಗೆ ಎದುರಾಗುವ ಅಡ್ಡಿ ಅಂತ. ರೇರಾ ಕಾಯ್ದೆಯನ್ನೇ ತಗೊಳ್ಳಿ. 2016ರ ಈ ಕೇಂದ್ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಪ್ರಾಜೆಕ್ಟ್ ನೋಂದಣಿ ಆಗುವ ಮೊದಲು ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ, ಬನ್ನಿ ಅಂತ ಕರೆಯುವಂತೆಯೂ ಇಲ್ಲ. 10ನೇ ಸೆಕ್ಷನ್ ಏಜೆಂಟ್‌ಗೂ ಅದೇ ನಿರ್ಬಂಧ ಹಾಕುತ್ತದೆ: ನೋಂದಣಿಯಾಗದ ಪ್ರಾಜೆಕ್ಟಿನ ಮಾರಾಟಕ್ಕೆ ಕೈಹಾಕಬಾರದು, ಸುಳ್ಳು ಭರವಸೆ ಕೊಡಬಾರದು, ಕೊಳ್ಳುವವರಿಗೆ ಸಿಗಬೇಕಾದ ದಾಖಲೆ ಸಿಗುವಂತೆ ನೋಡಿಕೊಳ್ಳಬೇಕು. ಮುರಿದರೆ ದಿನಕ್ಕೆ 10 ಸಾವಿರ ರೂಪಾಯಿ ದಂಡ, ಆಸ್ತಿಯ ಬೆಲೆಯ ಶೇ. 5ರವರೆಗೆ. ಗ್ರೂಪಿನಲ್ಲಿ ಈ ಸೆಕ್ಷನ್ ಬರುವುದು ಹೀಗೆ: ‘ಪ್ರೀ-ಲಾಂಚ್’ ಅನ್ನೋ ಪದ ಬಳಸಬೇಡಿ, ‘ಇಒಐ’ ಅನ್ನಿ. ಚೆಕ್ ‘ರಿಫಂಡಬಲ್’ ಅಂತ ಬರೆಸಿ. ಬ್ರೋಷರ್‌ನಲ್ಲಿ ಬಿಲ್ಡರ್ ಹೆಸರು ಹಾಕಬೇಡಿ, ‘ಪ್ರತಿಷ್ಠಿತ ಗ್ರೂಪ್’ ಅಂತ ಹಾಕಿ. ಕಾಯ್ದೆಯ ಜ್ಞಾನ ಪಕ್ಕಾ ಇದೆ. ಅದು ಯಾರ ರಕ್ಷಣೆಗೆ ಅನ್ನೋದು ಮಾತ್ರ ತಿರುವುಮುರುವಾಗಿದೆ.

ಇದಕ್ಕಿಂತ ನನ್ನನ್ನು ಕಾಡಿದ್ದು ಪಿಟಿಸಿಎಲ್. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ, ಅಥವಾ ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಿದರೆ ಅದು ಊರ್ಜಿತವಲ್ಲ ಅಂತ 1978ರ ಈ ಕಾಯ್ದೆ ಹೇಳುತ್ತದೆ. ಕಳೆದುಕೊಂಡವರು ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿ ಜಮೀನು ವಾಪಸ್ ಪಡೆಯಬಹುದು. 2017ರಲ್ಲಿ ಸುಪ್ರೀಂ ಕೋರ್ಟು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ‘ಸಮಂಜಸ ಅವಧಿಯೊಳಗೆ’ ಅರ್ಜಿ ಹಾಕಿರಬೇಕು ಅಂದಮೇಲೆ ಎಷ್ಟೋ ಕುಟುಂಬಗಳ ಅರ್ಜಿ ಬಿದ್ದುಹೋದವು. ದಲಿತ ಸಂಘಟನೆಗಳ ದೀರ್ಘ ಹೋರಾಟದ ನಂತರ 2023ರಲ್ಲಿ ತಿದ್ದುಪಡಿ ತಂದು ಆ ಕಾಲಮಿತಿಯ ತೊಡಕು ತೆಗೆಯಲಾಯಿತು.

ಬ್ರೋಕರ್‌ಗಳ ನಡುವೆ ಇದು ಒಂದೇ ಪದ: ‘ಪ್ರಾಬ್ಲಂ’. ‘ಪಿಟಿಸಿಎಲ್ ಪ್ರಾಬ್ಲಂ ಇದೆಯಾ ಚೆಕ್ ಮಾಡಿ.’ ಕೊಳ್ಳುವವನಿಗೆ ಎಚ್ಚರಿಕೆ ಕೊಡುವುದರಲ್ಲಿ ತಪ್ಪಿಲ್ಲ, ಕೊಡಲೇಬೇಕು. ಆದರೆ ನಾನು ಗಮನಿಸಿದಷ್ಟು ದಿನ ಆ ‘ಪ್ರಾಬ್ಲಂ’ ಹಿಂದೆ ಒಂದು ಕುಟುಂಬ ಇದೆ, ಅದು ಅವರ ಜಮೀನಾಗಿತ್ತು ಅನ್ನುವ ವಾಕ್ಯ ಒಮ್ಮೆಯೂ ಬರಲಿಲ್ಲ. ಬಂದದ್ದು, ಅವರ ವಾರಸುದಾರರನ್ನು ಹುಡುಕಿ ‘ಸೆಟಲ್’ ಮಾಡಿಸುವುದು ಹೇಗೆ, ಎಲ್ಲರ ಸಹಿ ಯಾವ ಪತ್ರದ ಮೇಲೆ ತೆಗೆಸಬೇಕು ಅನ್ನುವ ಸಲಹೆ. ಹೊಸಬ ಕಾನೂನಿನ ಜೊತೆಗೆ ಈ ಕಣ್ಣನ್ನೂ ಕಲಿಯುತ್ತಾನೆ. ಅವನೇ ದಲಿತನಾಗಿದ್ದರೂ ಕಲಿಯುತ್ತಾನೆ. ಕಸುಬಿನ ಭಾಷೆ ಅಷ್ಟು ಗಟ್ಟಿ.

ಬಾಡಿಗೆ ಮಾರುಕಟ್ಟೆಯಲ್ಲಿ ಇದು ಇನ್ನೂ ನೇರವಾಗಿ ಕಾಣುತ್ತೆ. ‘2ಬಿಎಚ್‌ಕೆ, ಫಸ್ಟ್ ಫ್ಲೋರ್, ಕಾವೇರಿ ನೀರು, ವೆಜ್ ಫ್ಯಾಮಿಲಿ ಮಾತ್ರ.’ ಇಂಥ ಸಾಲು ದಿನಕ್ಕೆ ಹತ್ತಾರು. ‘ವೆಜ್’ ಅನ್ನೋದು ಅಡುಗೆಮನೆಯ ವಿಷಯ ಅಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಾನು ಮನೆ ಹುಡುಕುವಾಗ ಒಬ್ಬ ಬ್ರೋಕರ್ ಮೊದಲು ಕೇಳಿದ್ದು ಬಜೆಟ್ ಅಲ್ಲ, ‘ಪೂರ್ತಿ ಹೆಸರು ಏನು ಸರ್?’ ಅಂತ. ಆಮೇಲೆ ‘ಯಾವ ಕಡೆಯವರು?’ ಆಮೇಲೆ ‘ನಾನ್‌ವೆಜ್ ಮಾಡ್ತೀರಾ?’ ಬಜೆಟ್ ನಾಲ್ಕನೆಯ ಪ್ರಶ್ನೆ.

ಆಗ ಸಿಟ್ಟು ಬಂದಿತ್ತು. ಈ ಗ್ರೂಪಿನಲ್ಲಿದ್ದ ಮೇಲೆ ಆ ಪ್ರಶ್ನೆಗಳು ಎಲ್ಲಿಂದ ಬರುತ್ತವೆ ಅನ್ನೋದು ತಿಳಿಯಿತು. ಹೊಸ ಬ್ರೋಕರ್ ಮೊದಲ ತಿಂಗಳಲ್ಲಿ ಎಲ್ಲರಿಗೂ ಮನೆ ತೋರಿಸುತ್ತಾನೆ. ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಾನೆ, ಪಾರ್ಟಿಗೆ ಮನೆ ಇಷ್ಟವಾಗುತ್ತೆ, ಓನರ್ ಹೆಸರು ಕೇಳಿ ‘ಇಲ್ಲ, ಬೇರೆಯವರಿಗೆ ಮಾತಾಗಿದೆ’ ಅಂತಾರೆ. ಪೆಟ್ರೋಲ್ ಹೋಯ್ತು, ಅರ್ಧ ದಿನ ಹೋಯ್ತು. ಇದನ್ನು ಗ್ರೂಪಿನಲ್ಲಿ ಹೇಳಿಕೊಂಡರೆ ಹಿರಿಯರು ಸಲಹೆ ಕೊಡುತ್ತಾರೆ: ಮೊದಲೇ ಫೋನಿನಲ್ಲಿ ಕೇಳಿಬಿಡಪ್ಪ. ಎಂಜಿನಿಯರಿಂಗ್‌ನಲ್ಲಿ ಇದಕ್ಕೆ ಪ್ರೀ-ಫಿಲ್ಟರ್ ಅಂತೀವಿ. ಮುಂದಿನ ಹಂತದಲ್ಲಿ ಹೇಗೂ ಬೀಳೋದನ್ನು ಹಿಂದಿನ ಹಂತದಲ್ಲೇ ತೆಗೆದರೆ ಖರ್ಚು ಉಳಿಯುತ್ತೆ. ಬ್ರೋಕರ್‌ಗೆ ಯಾರ ಮೇಲೂ ದ್ವೇಷ ಇರಬೇಕಾಗಿಲ್ಲ. ಅವನು ಪೆಟ್ರೋಲ್ ಉಳಿಸುತ್ತಿದ್ದಾನೆ. ಕೊನೆಗೆ ಓನರ್ ಯಾರಿಗೂ ಬಾಯಿಬಿಟ್ಟು ‘ನಿನಗೆ ಕೊಡಲ್ಲ’ ಅನ್ನಬೇಕಾಗಿಯೇ ಇಲ್ಲ. ಆ ಹೆಸರಿನವರು ಅವರ ಬಾಗಿಲಿಗೆ ಬರುವುದೇ ಇಲ್ಲ. ಎಲ್ಲರನ್ನೂ ಒಪ್ಪುವ ಓನರ್ ಒಬ್ಬರು ಇದ್ದರೂ ಫಿಲ್ಟರ್ ದಾಟಿ ಅವರನ್ನು ತಲುಪುವ ಹೊತ್ತಿಗೆ ಹುಡುಕುವವರು ಸುಸ್ತಾಗಿರುತ್ತಾರೆ.

ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ಮಾಡಿದ ಅಧ್ಯಯನವೊಂದು 2015ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬಂತು. ಬೇರೆ ಬೇರೆ ಜಾತಿ, ಧರ್ಮ ಸೂಚಿಸುವ ಹೆಸರುಗಳಿಂದ ಬಾಡಿಗೆ ಮನೆ ಕೇಳಿಸಿ ನೋಡಿದರು. ಮೇಲ್ಜಾತಿ ಹೆಸರುಗಳಿಗೆ ಸಿಕ್ಕ ಸ್ವಾಗತ ದಲಿತ ಹೆಸರುಗಳಿಗೆ ಸಿಗಲಿಲ್ಲ, ಮುಸ್ಲಿಂ ಹೆಸರುಗಳಿಗೆ ಇನ್ನೂ ಕಡಿಮೆ ಸಿಕ್ಕಿತು. ಇದು ನಮಗೆ ಹೊಸ ಸುದ್ದಿಯೇನಲ್ಲ. ಆದರೆ ನಾವು ಬೈಯುವುದು ಓನರ್‌ಗಳನ್ನು. ತಾರತಮ್ಯ ಒಂದು ಕಸುಬಿನ ಕೌಶಲವಾಗಿ, ಅನುಭವಿಯಿಂದ ಹೊಸಬನಿಗೆ ದಾಟುತ್ತಿದೆ ಅನ್ನುವ ಭಾಗವನ್ನು ನಾವು ಬಿಟ್ಟುಬಿಡುತ್ತೇವೆ.

ಇದು ನಮ್ಮಲ್ಲಿ ಮಾತ್ರ ಅಂತೇನಲ್ಲ. ಅಮೆರಿಕದ ರಿಯಲ್ ಎಸ್ಟೇಟ್ ಏಜೆಂಟರ ರಾಷ್ಟ್ರೀಯ ಸಂಘ 1924ರಲ್ಲಿ ತನ್ನ ನೀತಿ ಸಂಹಿತೆಗೆ 34ನೇ ವಿಧಿ ಅಂತ ಒಂದನ್ನು ಸೇರಿಸಿತು. ಬಡಾವಣೆಯ ಆಸ್ತಿ ಬೆಲೆಗೆ ಧಕ್ಕೆ ತರುವಂಥ ಜನಾಂಗದವರನ್ನು ಅಲ್ಲಿಗೆ ಕರೆತರಲು ಏಜೆಂಟ್ ಕಾರಣನಾಗಬಾರದು ಅನ್ನೋದು ಅದರ ಸಾರ. ಗಮನಿಸಿ, ಇದು ‘ನೀತಿ’ ಸಂಹಿತೆ. ಕಪ್ಪು ಜನರಿಗೆ ಬಿಳಿಯರ ಬಡಾವಣೆಯಲ್ಲಿ ಮನೆ ತೋರಿಸುವವನು ಕಸುಬಿಗೆ ದ್ರೋಹ ಮಾಡಿದವನು. 1950ರಲ್ಲಿ ‘ಜನಾಂಗ’ದ ಮಾತನ್ನು ತೆಗೆದರು, 1968ರಲ್ಲಿ ಫೇರ್ ಹೌಸಿಂಗ್ ಆಕ್ಟ್ ಬಂತು, ಅದೇ ಸಂಘ ತನ್ನ ಹಳೆಯ ನಡವಳಿಕೆಗೆ ಕ್ಷಮೆ ಕೇಳಿದ್ದು 2020ರಲ್ಲಿ. ಕಮಿಷನ್ ವಿಚಾರದಲ್ಲೂ ಅಷ್ಟೇ: ರೇಟನ್ನು ಒಳಗೊಳಗೇ ಹಿಡಿದಿಟ್ಟ ಆರೋಪದ ಮೊಕದ್ದಮೆಗಳಲ್ಲಿ ಆ ಸಂಘ 2024ರಲ್ಲಿ 41.8 ಕೋಟಿ ಡಾಲರ್ ಕೊಟ್ಟು ರಾಜಿಗೆ ಒಪ್ಪಿತು. ನಮ್ಮ ಗ್ರೂಪುಗಳಲ್ಲಿ ‘ಎರಡು ಪರ್ಸೆಂಟ್‌ಗಿಂತ ಕಮ್ಮಿಗೆ ಯಾರೂ ಹೋಗಬೇಡಿ, ಮಾರ್ಕೆಟ್ ಹಾಳಾಗುತ್ತೆ’ ಅನ್ನುವ ಮೆಸೇಜ್ ಯಾವ ಅಂಜಿಕೆಯೂ ಇಲ್ಲದೆ ಓಡಾಡುತ್ತಿರುತ್ತದೆ. ಬಾಡಿಗೆಗೆ ಹತ್ತು ತಿಂಗಳ ಅಡ್ವಾನ್ಸ್ ‘ಬೆಂಗಳೂರು ರೂಲ್ಸ್’ ಅಂತ ಹೊರಗಿನಿಂದ ಬಂದವರಿಗೆ ಹೇಳಿಕೊಡುವುದೂ ಇಲ್ಲೇ. ಅಂಥ ರೂಲ್ಸ್ ಯಾವುದೂ ಇಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತೆ. ಆದರೆ ಅದು ಬರೀ ಮಾದರಿ, ರಾಜ್ಯಗಳು ಒಪ್ಪಿದರೆ ಉಂಟು.

ಹಾಗಾದರೆ ಸರ್ಕಾರ ಎಲ್ಲಿದೆ? ಶುಲ್ಕ ವಸೂಲಿಯ ಕೌಂಟರಿನಲ್ಲಿದೆ. ಕರ್ನಾಟಕದ 2017ರ ರೇರಾ ನಿಯಮಗಳಲ್ಲಿ ಒಬ್ಬ ವ್ಯಕ್ತಿ ಏಜೆಂಟ್ ಆಗಿ ನೋಂದಾಯಿಸಿಕೊಳ್ಳಲು 25 ಸಾವಿರ, ಸಂಸ್ಥೆಯಾದರೆ 2 ಲಕ್ಷ ರೂಪಾಯಿ ಇಟ್ಟರು. ಅರ್ಜಿಯ ಜೊತೆ ಕೇಳಿದ್ದು ಪ್ಯಾನ್, ಫೋಟೊ, ವಿಳಾಸದ ದಾಖಲೆ, ಆದಾಯ ತೆರಿಗೆ ರಿಟರ್ನ್ ಇಂಥವನ್ನು. ಪಹಣಿ ಓದಲು ಬರುತ್ತಾ ಅಂತ ಆ ಪಟ್ಟಿಯಲ್ಲಿ ಪ್ರಶ್ನೆ ಇಲ್ಲ. ಅದೂ ರೇರಾ ಏಜೆಂಟ್ ಅಂದರೆ ನೋಂದಾಯಿತ ಪ್ರಾಜೆಕ್ಟುಗಳ ಮಾರಾಟಕ್ಕೆ ಮಾತ್ರ. ಹಳೆ ಮನೆ ಮಾರಿಸುವವರು, ರೆವಿನ್ಯೂ ಸೈಟ್ ತೋರಿಸುವವರು, ಬಾಡಿಗೆ ಕೊಡಿಸುವವರು ಅದರ ಹೊರಗೆ. ಬಾಡಿಗೆ ಮಧ್ಯವರ್ತಿಗಳು ನೋಂದಾಯಿಸಿಕೊಳ್ಳಬೇಕು ಅಂತ 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲೇ ಇದೆ. ನಿಮಗೆ ಮನೆ ಕೊಡಿಸಿದವರು ನೋಂದಾಯಿಸಿಕೊಂಡಿದ್ದಾರಾ ಅಂತ ಒಮ್ಮೆ ಕೇಳಿ ನೋಡಿ. 2025ರಲ್ಲಿ ಸಚಿವ ಸಂಪುಟ ಒಪ್ಪಿದ ತಿದ್ದುಪಡಿಯಲ್ಲಿ ಆ ದಂಡವನ್ನು ದಿನಕ್ಕೆ 2 ಸಾವಿರದಿಂದ 25 ಸಾವಿರಕ್ಕೆ ಏರಿಸುವ ಪ್ರಸ್ತಾಪ ಇತ್ತು. ಕಲಿಸದೆ ದಂಡ ಏರಿಸುವುದು ನಮ್ಮ ಆಡಳಿತಕ್ಕೆ ಯಾವತ್ತೂ ಸುಲಭ.

ಮಹಾರಾಷ್ಟ್ರ ಬೇರೆ ದಾರಿ ಹಿಡಿಯಿತು. ಅಲ್ಲಿನ ರೇರಾ ಪ್ರಾಧಿಕಾರ 2023ರಲ್ಲಿ ಏಜೆಂಟ್‌ಗಳಿಗೆ ತರಬೇತಿ, ಪರೀಕ್ಷೆ, ಅರ್ಹತಾ ಪ್ರಮಾಣಪತ್ರ ಕಡ್ಡಾಯ ಮಾಡಿತು. ಗಡುವು ಕೊಟ್ಟರು, ಮುಂದೂಡಿದರು, ಕೊನೆಗೆ 2024ರಲ್ಲಿ ಪ್ರಮಾಣಪತ್ರ ಕೊಡದ ಸುಮಾರು 20 ಸಾವಿರ ಏಜೆಂಟ್‌ಗಳ ನೋಂದಣಿ ಅಮಾನತು ಮಾಡಿದರು. ಈ ಸಂಖ್ಯೆ ನೋಡಿ ‘ಭೇಷ್’ ಅನ್ನಲು ನನಗೆ ಮನಸ್ಸಿಲ್ಲ. ಆ 20 ಸಾವಿರದಲ್ಲಿ ಕಸುಬು ಬಿಟ್ಟವರು ಎಷ್ಟೋ, ಮೋಸಗಾರರು ಎಷ್ಟೋ, ಆದರೆ ಪರೀಕ್ಷೆ ಅಂದರೆ ಹೆದರುವ, ಹತ್ತನೇ ಕ್ಲಾಸು ದಾಟದ ಸಣ್ಣ ಬ್ರೋಕರ್‌ಗಳೂ ಇರುತ್ತಾರೆ. ಅವರು ಹೋದರೆ ಆ ಜಾಗಕ್ಕೆ ಬರುವುದು ಟೈ ಕಟ್ಟಿದ ಕಂಪನಿ. ಅದಕ್ಕೂ ‘ವೆಜ್ ಓನ್ಲಿ’ ಫಿಲ್ಟರ್ ಗೊತ್ತಿರುತ್ತೆ, ಆ್ಯಪ್‌ನಲ್ಲಿ ಒಂದು ಬಟನ್ ಆಗಿ.

ಆದ್ದರಿಂದ ನಾನು ಕೇಳುವುದು ಪರೀಕ್ಷೆಗಿಂತ ಮೊದಲು ಪಾಠ. ಶುಲ್ಕ ಇಳಿಸಿ, ತಾಲ್ಲೂಕು ಮಟ್ಟದಲ್ಲಿ, ಕನ್ನಡದಲ್ಲಿ, ಬಾಯಿಮಾತಿನಲ್ಲಿ. ಆ ವಾಯ್ಸ್ ನೋಟ್ ಹಾಕಿದಂಥ ಹಿರಿಯ ಬ್ರೋಕರ್‌ಗಳನ್ನೇ ಮೇಷ್ಟ್ರು ಮಾಡಿ. ದಾಖಲೆ ಓದಿಸುವುದರಲ್ಲಿ ಅವರಿಗಿಂತ ಚೆನ್ನಾಗಿ ಕಲಿಸುವವರು ಇಲಾಖೆಯಲ್ಲಿ ಕಡಿಮೆ. ಜೊತೆಗೆ ಗ್ರೂಪಿನಲ್ಲಿ ಯಾವತ್ತೂ ಬರದ ಎರಡು ಪಾಠ ಸೇರಿಸಿ. ಒಂದು, ಪಿಟಿಸಿಎಲ್‌ನಲ್ಲಿ ಜಮೀನು ಕಳೆದುಕೊಂಡ ಕುಟುಂಬದವರೇ ಬಂದು ಹೇಳುವ ಪಾಠ. ಇನ್ನೊಂದು ಹೆಸರು ಕೇಳದೆ ಮನೆ ತೋರಿಸುವುದು ಹೇಗೆ ಅನ್ನೋದು.

ಎರಡನೆಯದು ಬರೀ ಉಪದೇಶ ಆದರೆ ನಡೆಯಲ್ಲ ಅಂತ ನನ್ನ ಗೆಳೆಯನೇ ಹೇಳುತ್ತಾನೆ. ಖಾಸಗಿ ಓನರ್ ಧರ್ಮ ನೋಡಿ ಬಾಡಿಗೆ ನಿರಾಕರಿಸಬಾರದು ಅನ್ನುವ ನೇರ ಕಾಯ್ದೆ ನಮ್ಮಲ್ಲಿ ಇಲ್ಲ. 2005ರಲ್ಲಿ ಸುಪ್ರೀಂ ಕೋರ್ಟು ಅಹಮದಾಬಾದಿನ ಪಾರ್ಸಿ ಹೌಸಿಂಗ್ ಸೊಸೈಟಿಯ ಪ್ರಕರಣದಲ್ಲಿ ಒಂದೇ ಸಮುದಾಯಕ್ಕೆ ಸದಸ್ಯತ್ವ ಸೀಮಿತ ಮಾಡುವ ಬೈಲಾವನ್ನೇ ಎತ್ತಿಹಿಡಿದಿದೆ. ಓನರ್‌ಗೆ ಇಲ್ಲದ ನಿರ್ಬಂಧ ಬ್ರೋಕರ್‌ಗೆ ಏಕೆ ಅಂತ ಅವನ ಪ್ರಶ್ನೆ. ನನ್ನ ಉತ್ತರ ಇಷ್ಟೇ: ಓನರ್‌ಗೆ ಸರ್ಕಾರ ಲೈಸೆನ್ಸ್ ಕೊಡಲ್ಲ, ಬ್ರೋಕರ್‌ಗೆ ಕೊಡುತ್ತೆ. ಬಾಡಿಗೆ ಕಾಯ್ದೆಯ ನೋಂದಣಿಗೆ ಒಂದು ಷರತ್ತು ಸೇರಿಸುವುದಕ್ಕೆ ಸಂವಿಧಾನ ತಿದ್ದಬೇಕಾಗಿಲ್ಲ. ಜಾತಿ, ಧರ್ಮ ಕೇಳುವ, ಬರೆಯುವ ಜಾಹೀರಾತು ಹಾಕಿದರೆ ನೋಂದಣಿ ರದ್ದು ಅಂದರೆ ಸಾಕು. ಆಗ ಫೋನಿನಲ್ಲಿ ಹೆಸರು ಕೇಳದೆ ಇರುವುದು ಪೆಟ್ರೋಲ್‌ಗಿಂತ ಹೆಚ್ಚು ಉಳಿಸುತ್ತೆ, ಆ ಸಲಹೆಯನ್ನು ಗ್ರೂಪಿನ ಹಿರಿಯರೇ ಹೊಸಬರಿಗೆ ಕೊಡುತ್ತಾರೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಯಾಕೆ ಅಂತ ಎಷ್ಟು ಬ್ರೋಕರ್‌ಗಳಿಗೆ ಗೊತ್ತು? 1908ರ ನೋಂದಣಿ ಕಾಯ್ದೆ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ ಮಾಡಿದೆ, ಅದಕ್ಕೆ. ಕಾರಣ ಗೊತ್ತಿಲ್ಲದಿದ್ದರೂ ಎಲ್ಲರೂ ತಪ್ಪದೆ ಹನ್ನೊಂದೇ ಬರೆಸುತ್ತಾರೆ.